ಟ್ಯಾಬ್ ಒತ್ತಿದಾಗ ಅಳಿಸಿಹೋದ ದನಿ

“ಈಶ್ವರ್ ಅಂದ್ರ ನೀವೇನ್ರಿ?”

ಹೊಸಪೇಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ಕೂಟ ನಡೆದಿತ್ತು. ಬಾಗಿಲಲ್ಲೇ ನಿಂತು ಕೇಳಿದ ಶೈಲಜಾಳ ದನಿಗೆ ಎಲ್ಲರೂ ತಿರುಗಿದರು.

“ಹೌದ್ರಿ. ತಾವು?”

“ಸಂಡೂರಿನ ಶೈಲಜಾ. ‘ಈ ಪ್ಯಾಚ್ ಯಾರೂ ಮುಟ್ಟಬ್ಯಾಡ್ರಿ, ಕೆಲಸ ಬರದವರು ಬರೆದದ್ದು’ ಅಂತ ಗುಂಪಿನಾಗ ಬರೆದು ಊರಿಗೆಲ್ಲ ಸಾರಿದ್ರಲ್ಲ... ಅದೇ ಶೈಲಜಾ!”

ಅವನ ಮುಖ ಬಿಗಿಯಿತು. “ಮುಟ್ಟಬಾರದು ಅಂದದ್ದು ಖರೇನ ಐತಿ.”

ಎಷ್ಟು ಸೊಕ್ಕು ಇವನಿಗೆ!

ಶೈಲಜಾ ಗಣಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಕಪ್ಪು ಪರದೆಯಲ್ಲಿ ಆಜ್ಞೆ ಬರೆಯುವಾಗ ಟ್ಯಾಬ್ ಕೀಲಿ ಒತ್ತಿದರೆ ಅರ್ಧ ಬರೆದ ಹೆಸರು ತಾನಾಗಿಯೇ ಪೂರ್ತಿಯಾಗುತ್ತದೆ. ಕನ್ನಡದ ಹೆಸರುಗಳಿಗೆ ಮಾತ್ರ ಅದು ತಡವರಿಸುತ್ತಿತ್ತು. ಅದನ್ನು ಸುಧಾರಿಸಲು ಹಲವರು ಪ್ಯಾಚ್, ಅಂದರೆ ತಿದ್ದುಪಡಿ, ಬರೆದು ಹಂಚಿಕೊಳ್ಳುತ್ತಿದ್ದರು. ಅವನ್ನು ಪರೀಕ್ಷಿಸಿ ಮೂಲ ತಂತ್ರಾಂಶಕ್ಕೆ ಸೇರಿಸುವವನು ಕಂಪ್ಲಿಯ ಈಶ್ವರ್.

“ನಿಮ್ಮ ಒಂದು ಮಾತಿಗೆ ಆಫೀಸಿನಾಗ ನನ್ನ ಕೆಲಸ ಬ್ಯಾರೆಯವರಿಗೆ ಕೊಟ್ಟರು! ತಪ್ಪೆಲ್ಲೈತಿ ತೋರಿಸ್ರಿ. ಇಲ್ಲಾಂದ್ರ ಎಲ್ಲರ ಮುಂದ ಕ್ಷಮಾ ಕೇಳ್ರಿ!”

ಈಶ್ವರ್ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. ಎರಡು ಫೋಲ್ಡರ್ ಮಾಡಿದ: ‘ಅವ್ವ’, ‘ಅವ್ವ ಹಳೇದು’. ಎರಡನೆಯದನ್ನು ಅಳಿಸುವ ಆಜ್ಞೆ ಬರೆದು ಟ್ಯಾಬ್ ಒತ್ತಿದ. ಅವಳ ಪ್ಯಾಚ್ ಹೆಸರನ್ನೇನೋ ಪೂರ್ತಿ ಮಾಡಿತು. ಆದರೆ ನಡುವೆ ಬಿಟ್ಟ ಜಾಗದಿಂದಾಗಿ ಕಂಪ್ಯೂಟರ್‌ಗೆ ಅದು ಎರಡು ಬೇರೆ ಹೆಸರುಗಳಾಗಿ ಕಂಡಿತು.

ಎಂಟರ್ ಒತ್ತಿದ. ‘ಅವ್ವ ಹಳೇದು’ ಹಾಗೇ ಉಳಿಯಿತು. ‘ಅವ್ವ’ ಅಳಿಸಿಹೋಯಿತು!

ಶೈಲಜಾ ಪರದೆಯತ್ತ ಬಾಗಿದಳು. “ಈ ಹೆಸರು... ಸುಮ್ನ ಇಟ್ಟಿದ್ದೇನ್ರಿ?”

“ನಿಮ್ಮ ಪ್ಯಾಚ್ ಎಲ್ಲರಿಗಿಂತ ಮೊದಲು ಹಾಕ್ಕೊಂಡಾಂವ ನಾನು. ಮಸ್ತ್ ಐತಿ ಅಂತ ಭಾಳ ಖುಷಿ ಆಗಿತ್ತು. ನಮ್ಮವ್ವ ತೀರಿಕೊಂಡು ವರ್ಷಾತು. ಆಕಿ ಹಾಡಿದ್ದು, ನನ್ನ ಬೈದದ್ದು... ರೆಕಾರ್ಡೆಲ್ಲ ಇದೇ ಹೆಸರಿನ ಫೋಲ್ಡರಿನಾಗಿತ್ತು, ಹಿಂಗ ಅಳಿಸಿಹೋತು. ಬ್ಯಾರೆ ಕಡೆ ಇಟ್ಟಿರಲಿಲ್ಲ. ಅದು ನನ್ನ ತಪ್ಪು.”



“ಇದನ್ನ ಯಾಕ ಹೇಳ್ಲಿಲ್ಲ?” ಎಂದಳು ಅವಳು.

“ಹೇಳಿದ್ರ ಆ ನೋವಿನಾಗ ನೀವು ಮತ್ತೊಂದು ಪ್ಯಾಚ್ ಬರೀತಿದ್ರೇನು?” ಅವನು ತಲೆ ತಗ್ಗಿಸಿದ. “ಆದ್ರ ಕೆಲಸ ಬರದವರು ಅನ್ನಬಾರದಿತ್ತು. ಸಂಕಟದಾಗ ಬರೆದೆ.”

ಕ್ಷಮೆ ಕೇಳಿಸಲೆಂದು ಬಂದವಳು ತಾನೇ ಕ್ಷಮೆ ಕೇಳಬೇಕೆಂದುಕೊಂಡಳು. ಅದರ ಬದಲು ಕುರ್ಚಿ ಎಳೆದು ಅವನ ಪಕ್ಕ ಕುಳಿತಳು.

“ಸರೀರಿ ಆಕಡೆ. ಇದನ್ನ ಸರಿ ಮಾಡೇ ಏಳೋದು.”

ಅಂದು ಮುಗಿಯಲಿಲ್ಲ. ಮುಂದೆ ಫೋನಿನಲ್ಲೂ ಅದೇ ಜಗಳ. ಅವಳು ಕಳಿಸುವಳು, ಅವನು ಹಿಂತಿರುಗಿಸುವನು. “ನಿಮಗ ಕಣ್ಣಿಲ್ಲೇನು?” ಎಂದು ಅವಳು, “ನಿಮಗ ತಾಳ್ಮಿ ಇಲ್ಲೇನು?” ಎಂದು ಅವನು. ಆದರೂ ಒಂದು ದಿನ ಅವನ ಕರೆ ಬಾರದಿದ್ದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ!

ಕೊನೆಗೆ ಪ್ಯಾಚ್ ಸೇರಿತು. ಎಲ್ಲರೂ ಓದುವ ಆ ಗುಂಪಿನಲ್ಲೇ ಈಶ್ವರ್ ತಾನಾಡಿದ ಮಾತಿಗೆ ಕ್ಷಮೆ ಕೇಳಿದ. ಆಫೀಸಿನವರು ಅದನ್ನು ಓದಿ ಅವಳ ಕೆಲಸವನ್ನು ಅವಳಿಗೇ ಒಪ್ಪಿಸಿದರು.

ಮರುದಿನ ಸಂಜೆ ಸಂಡೂರಿನ ಬಸ್ ನಿಲ್ದಾಣದಲ್ಲಿ ಅವನೇ ನಿಂತಿದ್ದ.

“ಮತ್ತೇನು ತಪ್ಪು ಸಿಕ್ತು?” ಸಿಡುಕಿದಳು.

“ಏನೂ ಸಿಗಲಿಲ್ಲ... ಫೋನ್ ಮಾಡಾಕ ನೆವ ಉಳೀಲಿಲ್ಲ. ಅದಕ್ಕ ಬಂದೆ.”

ಅವಳ ಕಣ್ಣು ತುಂಬಿತು. “ನಿಮ್ಮವ್ವನ ದನಿ ಕಳೆದಾಕಿ ನಾನು. ನನ್ನ ನೋಡಿದ್ರ ಸಿಟ್ಟು ಬರೂದಿಲ್ಲೇನ್ರಿ?”

“ಬರತೈತಿ,” ಎಂದ ಈಶ್ವರ್ ಮೆಲ್ಲಗೆ. “ನೋಡದಿದ್ರ ಇನ್ನೂ ಜಾಸ್ತಿ ಬರತೈತಿ.”

“ಹಂಗಾದ್ರ... ದಿನಾ ನೋಡ್ರಿ!”