ಕಾಣೆಯಾದ ಕ್ರ್ಯಾಂಕ್‌ಶಾಫ್ಟ್

"ಚಿಕ್ಕಮ್ಮಾ, ನನ್ನ ಕ್ರ್ಯಾಂಕ್‌ಶಾಫ್ಟ್ ಯಾರೋ ಕದ್ದುಬಿಟ್ಟಿದ್ದಾರೆ!"

ಅಕ್ಕ ಮೆಟ್ಟಿಲು ಹತ್ತಿ ನುಗ್ಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಕಾಫಿ ಅರ್ಧ ನೆಲದ ಪಾಲಾಯಿತು. ಚಿಕ್ಕಮ್ಮ ಮಾತ್ರ ಪಿಟೀಲಿನ ತಂತಿ ಬಿಗಿಯುವುದನ್ನು ಮುಗಿಸಿಯೇ ತಲೆಯೆತ್ತಿದಳು. "ಮೊದಲು ಉಸಿರಾಡು, ಆಮೇಲೆ ಅಳು" ಎಂದಳು.

ನನ್ನ ಚಿಕ್ಕಮ್ಮ ಮಕ್ಕಳಿಗೆ ಪಿಟೀಲು ಕಲಿಸುತ್ತಾಳೆ. ಆದರೆ ನಮ್ಮ ಬೀದಿಯಲ್ಲಿ ಏನೇ ಕಳೆದರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಾರೆ, ಪೊಲೀಸ್ ಠಾಣೆಯ ನೆನಪು ಆಮೇಲೆ. ಅವಳ ಜೊತೆಗೇ ಇರುವ ನನ್ನದು ಚೀಲ ಹಿಡಿಯುವ, ಪೆದ್ದು ಪ್ರಶ್ನೆ ಕೇಳುವ ಕೆಲಸ. ಎರಡನ್ನೂ ಚೆನ್ನಾಗಿ ಮಾಡುತ್ತೇನೆ.

ಮನೆಯ ಕೆಳಗೇ ಮಾಮನ ಗ್ಯಾರೇಜು. ಮಾಮ ನಮಗೆ ರಕ್ತಸಂಬಂಧಿಯಲ್ಲ. ಆದರೆ ಅಕ್ಕನಿಗೆ ಬೈಕ್ ಓಡಿಸಲು ಕಲಿಸಿದವರು, ಬಿದ್ದಾಗ ಎತ್ತಿದವರು, ನಮ್ಮಮ್ಮನ ಬೈಗುಳದಲ್ಲಿ ಅರ್ಧ ಪಾಲು ತೆಗೆದುಕೊಂಡವರು ಅವರೇ. ಈಗ ಅಕ್ಕ ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಹೆಸರಾದವಳು. ಹೋದ ವರ್ಷ ಮಾಮ ಅವಳ ಎರಡು ಸಿಲಿಂಡರಿನ ಎಂಜಿನ್ನಿಗೆ ದೊಡ್ಡ ಪಿಸ್ಟನ್ ಹಾಕಿದ್ದರು. ಈ ವರ್ಷ ಇನ್ನೂ ದೊಡ್ಡವನ್ನು ಹಾಕುವ ತಯಾರಿ ನಡೆದಿತ್ತು.

ಇದ್ದ ಜಗಳ ಒಂದೇ. ಅಷ್ಟು ದೊಡ್ಡ ಪಿಸ್ಟನ್ನುಗಳ ಹೊಡೆತವನ್ನು ಹಳೆಯ ಕ್ರ್ಯಾಂಕ್‌ಶಾಫ್ಟ್ ತಡೆದೀತೇ? ಪಿಸ್ಟನ್ನಿನ ಏರಿಳಿತವನ್ನೆಲ್ಲ ತಿರುಗುವ ಚಲನೆಯಾಗಿಸುವ ಉಕ್ಕಿನ ದಂಡ ಅದು. ಓಟದ ನಡುವೆ ಮುರಿದರೆ ಹಿಂದಿನ ಚಕ್ರ ಹಠಾತ್ತನೆ ಬಿಗಿದುಕೊಳ್ಳುತ್ತದೆ. ಗುಡ್ಡದ ತಿರುವಿನಲ್ಲಿ ಹಾಗಾದರೆ ಅಕ್ಕನ ಗತಿ ಏನೆಂದು ಯೋಚಿಸಲೂ ನನಗೆ ಭಯ. ಬಿಡಿಭಾಗ ಮಾರುವವನು, ಅವನನ್ನು ನಾವು ಕ್ಯಾಟಲಾಗ್ ಎನ್ನುತ್ತಿದ್ದೆವು, ಹೊಸ ಗಟ್ಟಿ ಶಾಫ್ಟ್ ಹಾಕಲೇಬೇಕು ಎನ್ನುತ್ತಿದ್ದ. ಮಾಮ ಅವನನ್ನು ಬೀದಿಯವರೆದುರಿಗೇ ಗೇಲಿ ಮಾಡಿ, ಹಳೆಯದೇ ಸಾಕು ಎಂದು ಸಾರಿದ್ದರು. ಅಕ್ಕನಿಗೆ ಮಾಮನ ಮಾತೇ ಕೊನೆಯ ಮಾತು.

ನಾವು ಕೆಳಗಿಳಿದೆವು. "ನಿನ್ನೆ ಮಧ್ಯಾಹ್ನವೂ ಇಲ್ಲಿ ಏನೋ ಗಲಾಟೆ. ಯಾರೋ ಒಡೆದ ಪಾತ್ರೆ ಬಡಿದ ಹಾಗೆ. ಪಾಠ ಹಾಳು" ಎಂದು ಚಿಕ್ಕಮ್ಮ ಮೆಟ್ಟಿಲುದ್ದಕ್ಕೂ ಗೊಣಗಿದಳು.

ಗ್ಯಾರೇಜಿನ ಬೀಗ ಮುರಿದಿರಲಿಲ್ಲ. ಒಂದು ಕೀಲಿ ಮಾಮನ ಬಳಿ, ಇನ್ನೊಂದು ಅಕ್ಕನ ಮನೆಯ ಗೋಡೆಯ ಮೊಳೆಯಲ್ಲಿ. ಎಂಜಿನ್ ಬಿಚ್ಚಿಟ್ಟಿದ್ದ ಕೆಲಸದ ಮೇಜಿನ ಮೇಲೆ ದುಬಾರಿ ಪಿಸ್ಟನ್ನುಗಳು ಡಬ್ಬಿಯಲ್ಲೇ ಇದ್ದವು. ಆ ಶಾಫ್ಟಿಗೆಂದೇ ಅಳತೆ ನೋಡಿ ಆರಿಸಿದ ಬೇರಿಂಗುಗಳೂ ಸಾಲಾಗಿದ್ದವು. ಮೇಲಿನ ತೊಲೆಯಿಂದ ಕುಣಿಕೆ ಹಾಕಿದ ಹಗ್ಗವೊಂದು ಎಣ್ಣೆ ಮೆತ್ತಿಕೊಂಡು ಜೋತಿತ್ತು. ಮೂಲೆಯಲ್ಲಿ ಎಣ್ಣೆಯ ಹಳೆಯ ಪೀಪಾಯಿ, ಅದಕ್ಕೆ ಮುಚ್ಚಳ. ಪಕ್ಕದಲ್ಲಿ ಕೊಳೆ ಬಟ್ಟೆಗಳ ಗುಡ್ಡೆ. ನಾನು ಅದಕ್ಕೇ ಎಡವಿದೆ.

ಮಾಮ ಸ್ಟೂಲಿನ ಮೇಲೆ ಕುಳಿತಿದ್ದರು. "ಹೋಗ್ಲಿ ಬಿಡು ಪುಟ್ಟಿ. ಹೊಸದೇ ತರಿಸೋಣ, ಗಟ್ಟೀದು" ಎಂದರು.

"ಹೊಸದು ಬರೋಷ್ಟರಲ್ಲಿ ಓಟ ಮುಗಿದಿರುತ್ತೆ ಮಾಮ! ಗುಜರಿ ಅಂಗಡೀಲಿ ಇದೇ ಎಂಜಿನ್ನಿನ ಇನ್ನೊಂದು ಹಳೇ ಶಾಫ್ಟ್ ಇದೆ. ನಾಳೆ ಬೆಳಗ್ಗೆ ತರ್ತೀನಿ, ಅಳತೆ ನೋಡಿ ಹಾಕಿಬಿಡಿ."

"ಅದು ಬೇಡ."

"ಯಾಕೆ ಬೇಡ? ಹಳೇದೇ ಸಾಕು ಅಂದಿದ್ದು ನೀವೇ ಅಲ್ವಾ?"

ಮಾಮ ಎದ್ದು ಹೋಗಿ ಸ್ಪ್ಯಾನರುಗಳನ್ನು ಒರೆಸತೊಡಗಿದರು.

ಅಕ್ಕನ ಅನುಮಾನ ಮೊದಲು ಕ್ಯಾಟಲಾಗ್ ಮೇಲೆ. "ವ್ಯಾಪಾರ ಬೇಕು ನಿಜ, ಆದ್ರೆ ಇಷ್ಟು ಕಷ್ಟಪಟ್ಟು ಯಾರ್ರೀ ವ್ಯಾಪಾರ ಮಾಡ್ತಾರೆ?" ಎಂದು ಅವನು ಕೈಮುಗಿದ. ಆಮೇಲೆ ಭಾವನ ಸರದಿ. ಅಕ್ಕನ ಓಟವೆಂದರೆ ಭಾವನಿಗೆ ಹಿಂದಿನ ದಿನದಿಂದಲೇ ಅನ್ನ ಸೇರುವುದಿಲ್ಲ. ಕೀಲಿಯೂ ಅವರ ಕೈಗೆಟಕುವಂತಿತ್ತು.

"ನಿಲ್ಲಿಸಬೇಕು ಅಂದಿದ್ರೆ ಚಕ್ರಾನೇ ಬಚ್ಚಿಡ್ತಿದ್ದೆ. ಆ ಶಾಫ್ಟು ಉದ್ದಕ್ಕಿರುತ್ತೋ ಗುಂಡಗಿರುತ್ತೋ ನಂಗೆ ಗೊತ್ತಿಲ್ಲ" ಎಂದರು ಭಾವ.

ಸಂಜೆ ಚಿಕ್ಕಮ್ಮ ಎಲ್ಲರನ್ನೂ ಗ್ಯಾರೇಜಿನಲ್ಲಿ ಸೇರಿಸಿದಳು. ತಾನು ಹಳೆಯ ಟೈರಿನ ಮೇಲೆ ಕುಳಿತು ಮಾತು ಶುರುಮಾಡಿದಳು.

"ದುಡ್ಡಿಗೋಸ್ಕರ ಕದಿಯೋನು ಪಿಸ್ಟನ್ ಬಿಟ್ಟು ಹೋಗ್ತಿರಲಿಲ್ಲ. ಶಾಫ್ಟ್ ಬಳಸೋಕೆ ಕದ್ದಿದ್ರೆ ಅದರ ಬೇರಿಂಗೂ ಒಯ್ತಿದ್ದ. ಅಂದ್ರೆ, ಇನ್ನು ಆ ಶಾಫ್ಟ್ ಯಾವ ಎಂಜಿನ್ನಿಗೂ ಹೋಗಲ್ಲ ಅಂತ ಕದ್ದವರಿಗೆ ಗೊತ್ತಿತ್ತು. ಅದು ಭಾವನಿಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಕ್ಯಾಟಲಾಗ್ ಹತ್ರ ಕೀಲಿ ಇಲ್ಲ."

"ಹಾಗಾದ್ರೆ ನಾನಾ?" ಎಂದಳು ಅಕ್ಕ.

"ನೀನಾಗಿದ್ರೆ ಗುಜರಿಗೆ ಓಡ್ತಿರಲಿಲ್ಲ. ಇನ್ನು ನಿಮ್ಮ ಮಾಮನ್ನ ನೋಡು. ಒಂದು ಸ್ಪ್ಯಾನರ್ ಕಾಣದಿದ್ರೆ ಬೀದಿ ಎದ್ದು ಕೂರೋ ಹಾಗೆ ಕೂಗೋ ಮನುಷ್ಯ. ಇವತ್ತು ಶಾಫ್ಟೇ ಹೋದ್ರೂ ಹುಡುಕಲಿಲ್ಲ, ಬೈಯಲಿಲ್ಲ, 'ಹೋಗ್ಲಿ ಬಿಡು' ಅಂದ್ರು. ದಿನಾ ಕೊಳೆ ಬಟ್ಟೆ ಹಾಕೋ ಪೀಪಾಯಿಗೆ ಇವತ್ತು ಮುಚ್ಚಳ, ಬಟ್ಟೆ ನೆಲದ ಮೇಲೆ. ಹೋಗಿ ಆ ಮುಚ್ಚಳ ತೆಗಿ."

ಕೊನೆಯ ಮಾತು ನನಗೆ. ತೆಗೆದೆ. ಪೀಪಾಯಿಯೊಳಗೆ ಶಾಫ್ಟ್ ನೆಟ್ಟಗೆ ನಿಂತಿತ್ತು. ಅಡಿಯಲ್ಲಿ ಮೆತ್ತನೆಯ ಬಟ್ಟೆ, ಮೈಗೆಲ್ಲ ಹೊಸ ಎಣ್ಣೆ.

ಚಿಕ್ಕಮ್ಮ ನಕ್ಕಳು. "ಮಲಗಿಸಿಟ್ರೆ ಬಾಗುತ್ತೆ ಅಂತ ನಿಲ್ಲಿಸಿಟ್ಟಿದ್ದಾರೆ. ಕೆಟ್ಟುಹೋದ ಶಾಫ್ಟಿಗೂ ಈ ಉಪಚಾರ ಮಾಡೋ ಕಳ್ಳ ಊರಿಗೊಬ್ಬರೇ. ಈಗ ಅದನ್ನ ಆ ಹಗ್ಗಕ್ಕೆ ತೂಗುಹಾಕಿ."

ಭಾವನೂ ನಾನೂ ಏದುಸಿರು ಬಿಡುತ್ತ ತೂಗುಹಾಕಿದೆವು. ಚಿಕ್ಕಮ್ಮ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಟಪ್ಪೆಂದಿತು, ಅಷ್ಟೇ. ಕಪಾಟಿನಲ್ಲಿದ್ದ ಬೇರೊಂದು ಬೈಕಿನ ಶಾಫ್ಟ್ ತೂಗಿಸಿ ತಟ್ಟಿದಾಗ ಅದು ಗಂಟೆಯ ಹಾಗೆ ಬಹಳ ಹೊತ್ತು ಮೊಳಗಿತು.

"ನಿನ್ನೆ ನನ್ನ ಪಾಠ ಕೆಡಿಸಿದ್ದು ಈ ಸದ್ದು. ಇಲ್ಲಿ ಯಾರ ಪಾತ್ರೆಯೂ ಒಡೆದಿಲ್ಲ, ಬಿರುಕು ಇದರೊಳಗಿದೆ. ಜೋಡಿಸೋ ಮುಂಚೆ ಪರೀಕ್ಷೆ ಮಾಡಿದ್ರು, ತಾವಾಡಿದ ಮಾತು ತಪ್ಪು ಅಂತ ಅವರಿಗೇ ಕೇಳಿಸ್ತು."

ಮಾಮ ತಲೆ ತಗ್ಗಿಸಿದರು. "ಹೋದ ವರ್ಷದ ಪಿಸ್ಟನ್ನಿಗೇ ಸುಸ್ತಾಗಿದೆ ಪುಟ್ಟಿ. ಈ ವರ್ಷದ್ದಕ್ಕೆ ಯಾವ ಹಳೇ ಶಾಫ್ಟೂ ತಡೆಯಲ್ಲ, ಗುಜರೀದೂ ಅಷ್ಟೇ. ಬೀದಿಯವರ ಮುಂದೆ ಅಷ್ಟು ಜಂಬ ಕೊಚ್ಚಿದ್ದೆ. ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. ಕಳುವಾಯ್ತು ಅಂದ್ರೆ ಹೊಸದು ತರಿಸ್ತೀಯ ಅಂದ್ಕೊಂಡೆ. ಎಂಜಿನ್ ಬೇರೆಯವರ ಹತ್ರ ತಗೊಂಡು ಹೋಗಮ್ಮ."

ಭಾವ ಎದ್ದು ಹೋಗಿ, ಮಾಮನ ಎಣ್ಣೆಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಬಿಳಿ ಅಂಗಿಯ ತೋಳು ಕಪ್ಪಾಯಿತು. "ಅದನ್ನ ಒಳಗೆ ಹಾಕದೇ ಇದ್ರಲ್ಲ, ನನಗೆ ಅಷ್ಟು ಸಾಕು" ಎಂದರು.

ಅಕ್ಕ ಕಣ್ಣೊರೆಸಿಕೊಂಡು ಕ್ಯಾಟಲಾಗ್ ಕಡೆ ತಿರುಗಿದಳು. "ಹೊಸ ಶಾಫ್ಟ್ ತರಿಸಿ. ಜೋಡಿಸೋರು ಮಾಮಾನೇ. ಮಾಮ, ಇನ್ನೊಂದು ಸಲ ತಪ್ಪಾದ್ರೆ ಬಾಯಿಬಿಟ್ಟು ಹೇಳಿ. ಕೇಳೋಕೆ ನಾನು ಜೀವಂತ ಇರ್ಬೇಕು."

"ಹೇಳ್ತೀನಿ" ಎಂದರು ಮಾಮ, ಎಲ್ಲರೆದುರಿಗೆ.

ಹೊಸ ಶಾಫ್ಟ್ ಸಮಯಕ್ಕೆ ಬರಲಿಲ್ಲ. ಓಟದ ಭಾನುವಾರ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಓಟ ತಪ್ಪಿದ ಸಿಟ್ಟಿಗೆ ಬೆಳಗ್ಗೆಯಿಂದ ಒಬ್ಬರನ್ನೂ ಬಿಡಲಿಲ್ಲ. ಚಿಕ್ಕಮ್ಮನ ಪಿಟೀಲು ಕಿವಿಗೆ ಹಿಂಸೆ ಎಂದಳು, ನನ್ನ ಕಾಫಿ ಕೊಚ್ಚೆ ಎಂದಳು, ಮಾಮ ಜಂಬದ ಮೂಟೆ ಎಂದಳು, ಭಾವ ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಾರೆ ಎಂದಳು. ನಿಜ, ಭಾವ ಅವಳನ್ನೇ ನೋಡುತ್ತ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಅವಳ ಬೈಗುಳವನ್ನೆಲ್ಲ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.