ಹಸಿರು ಮರಿಯ ಅಪ್ಪ ಯಾರು?

"ಈ ಮರಿ ಹಸಿರು ಹೇಗಾಯ್ತು, ಹೇಳಿ!"

ಊಟದ ಬಿಡುವಿಗೆ ಮಕರಪುರದ ಫ್ಯಾಕ್ಟರಿ ಗೇಟು ದಾಟಿದ ಗಿರಿಧರನ ಮುಖಕ್ಕೇ ಮನಸ್ವಿನಿ ಮೊಬೈಲ್ ಹಿಡಿದಳು. ನಮಸ್ಕಾರವಿಲ್ಲ, ಕುಶಲವಿಲ್ಲ. ಅಹಮದಾಬಾದಿನಿಂದ ಬೆಳಗಿನ ರೈಲು ಹತ್ತಿ ಬಂದವಳ ಕಣ್ಣು ಕೆಂಪಾಗಿತ್ತು.

ಮೊಬೈಲ್‌ನಲ್ಲಿ ಮೂರು ವಾರದ ಬಡ್ಜಿ ಗಿಣಿಮರಿ. ಅಚ್ಚ ಹಸಿರು!

"ಮನಸ್ವಿನಿ... ನೀವು ಇಲ್ಲಿ? ನಾಳೆ ನಿಮ್ಮ ತಂದೆ ನಮ್ಮನೆಗೆ ಫೋನ್ ಮಾಡ್ತೀನಿ ಅಂದಿದ್ರು..."

"ಮಾಡ್ತಾರೆ. ಈ ಮದುವೆಗೆ ಹೂಂ ಅನ್ಬೇಕೋ ಬೇಡ್ವೋ ಅಂತ ನಂಗೆ ಇವತ್ತೇ ಗೊತ್ತಾಗ್ಬೇಕು."

ಬ್ಯಾಂಕಿನ ವರ್ಗಾವಣೆಯಲ್ಲಿ ಗುಜರಾತಿಗೆ ಬಂದ ಅವಳಪ್ಪ ಬಾಲಚಂದ್ರ, ಮಗಳಿಗೆ ಕನ್ನಡದ ಹುಡುಗ ಸಿಕ್ಕನೆಂದು ಹಿಗ್ಗಿಹೋಗಿದ್ದರು. ಪರಿಚಯ ಬೆಳೆಸಿದ್ದೇ ಹಕ್ಕಿ. ಎರಡು ತಿಂಗಳ ಹಿಂದೆ ಗಿರಿಧರ ಅಹಮದಾಬಾದಿನ ಬೋಪಾಲ್ ಬಡಾವಣೆಯ ಅವರ ಮನೆಗೆ ಒಂದು ನೀಲಿ ಹೆಣ್ಣು ಬಡ್ಜಿ ತಂದುಕೊಟ್ಟಿದ್ದ. ಮನಸ್ವಿನಿಯ ಬಳಿ ಮೊದಲೇ ಇದ್ದ ಗಂಡೂ ನೀಲಿಯೇ. ನೀಲಿಗೆ ನೀಲಿ ಜೋಡಿಯಾದರೆ ಹಸಿರು ಮರಿ ಹುಟ್ಟುವುದೇ ಇಲ್ಲ. ಬಡ್ಜಿ ಸಾಕುವವರಿಗೆ ಇದು ಮೊದಲ ಪಾಠ. ಆದರೆ ಹಿಂದಿನ ಗಂಡಿನ ವೀರ್ಯ ಹೆಣ್ಣು ಹಕ್ಕಿಯ ಒಡಲಲ್ಲಿ ಹಲವು ದಿನ ಉಳಿದಿರುತ್ತದೆ. ಅದಕ್ಕೇ ಹೊಸ ಜೋಡಿ ಮಾಡುವ ಮೊದಲು ಹೆಣ್ಣನ್ನು ಒಂದು ತಿಂಗಳು ಒಂಟಿಯಾಗಿ ಇಡಬೇಕು.

"ತಿಂಗಳು ಒಂಟಿಯಾಗಿ ಇಟ್ಟಿದ್ದೆ ಅಂದ್ರಿ. ನಂಬಿ ಅವತ್ತೇ ಜೋಡಿ ಮಾಡ್ದೆ. ಮೂರು ಮರಿ ನೀಲಿ, ಮೊದಲನೇದು ಹಸಿರು! ನಿಮಗೆ ಬೇಡವಾದ ಹಕ್ಕಿನ ನನ್ನ ತಲೆಗೆ ಕಟ್ಟಿದ್ರಾ?"

"ಅಯ್ಯೋ, ಹಾಗಲ್ಲ..."

"ಮತ್ತೆ ಹೇಗೆ?"

ಗೇಟಿನ ವಾಚ್‌ಮನ್‌ಗೆ ಕನ್ನಡ ಬಾರದಿದ್ದರೂ ಜಗಳ ಚೆನ್ನಾಗಿ ಅರ್ಥವಾಗಿತ್ತು. ಚಹಾ ಲೋಟ ಹಿಡಿದು ಹತ್ತಿರವೇ ಬಂದು ನಿಂತ.

'ಹೇಳಿಬಿಡು... ಏನಿದ್ದರೂ ನಿಜ ಹೇಳಿಬಿಡು!' ಮನಸ್ವಿನಿಯ ಮನಸ್ಸು ಅಂಗಲಾಚುತ್ತಿತ್ತು. ಇವನನ್ನು ತಾನೆಷ್ಟು ಹಚ್ಚಿಕೊಂಡಿದ್ದೇನೆಂದು ಅವಳಿಗೂ ಈಗಲೇ ತಿಳಿದದ್ದು. ಸುಳ್ಳುಗಾರನ ಜೊತೆ ಬಾಳುವುದು ಅವಳಿಂದಾಗದು.

ಚೀಲದಿಂದ, ಮರಿಗಳ ತಂದೆ-ತಾಯಿಯ ವಿವರ ಬರೆದಿಡುವ ಗೂಡಿನ ಕಾರ್ಡ್ ತೆಗೆದಳು. 'ತಂದೆ' ಎಂಬಲ್ಲಿ ಖಾಲಿ.

"ಬರೀರಿ."

ಅವನು ಜೇಬಿನ ಪೆನ್ನು ತೆಗೆದ. ಬರೆದ: 'ಗಿರಿಧರನ ಪಂಜರದ ಹಸಿರು ಗಂಡು.'

"ನಿಮ್ಮನೆಗೆ ಬಂದ ದಿನ ಬೆಳಿಗ್ಗೆವರೆಗೂ ಅದು ಆ ಗಂಡಿನ ಜೊತೆಗೇ ಇತ್ತು. ಒಂಟಿಯಾಗಿ ಒಂದು ದಿನವೂ ಇಟ್ಟಿರ್ಲಿಲ್ಲ."

"ಯಾಕೆ?"

"ಮಣಿನಗರದ ಹಕ್ಕಿ ಪ್ರದರ್ಶನದಲ್ಲಿ ನೀಲಿ ಹೆಣ್ಣು ಬೇಕು ಅಂದ್ರಲ್ಲ... ಒಂದು ತಿಂಗಳು ಬಿಟ್ಟು ತರ್ತೀನಿ ಅನ್ಬೇಕಿತ್ತು. ಅಷ್ಟು ದಿನ ನಿಮ್ಮನ್ನ ನೋಡ್ದೆ ಇರೋಕೆ ನನ್ನಿಂದ ಆಗ್ಲಿಲ್ಲ." ಕಾರ್ಡನ್ನು ಅವಳತ್ತ ಚಾಚಿದ. "ತಪ್ಪು ನಂದೇ. ನಿಮ್ಮ ತಂದೆಗೆ ಬೇಡ ಅಂತ್ಲೇ ಹೇಳಿ."

ಮನಸ್ವಿನಿ ಕಾರ್ಡ್ ಕಸಿದುಕೊಂಡಳು. ಬಂದ ನಗುವನ್ನು ತುಟಿ ಕಚ್ಚಿ ತಡೆದಳು.

"ಅಪ್ಪಂಗೆ ಹೂಂ ಅಂತೀನಿ. ಆದ್ರೆ ಇವತ್ತಿಂದ ಒಂದು ತಿಂಗಳು ಫೋನಿಲ್ಲ, ಬೋಪಾಲ್ ಕಡೆ ತಲೆ ಹಾಕೋ ಹಾಗಿಲ್ಲ. ಆ ಹಕ್ಕಿ ಇರ್ಬೇಕಿದ್ದ ತಿಂಗಳು ನೀವಿರಿ!"

"ಒಂಟಿಯಾಗಾ?"

"ಒಂಟಿಯಾಗಿ!"

"ಒಂದು ಮೆಸೇಜೂ...?"

ಆಟೋ ಹತ್ತಿದವಳು ತಿರುಗಿದಳು. ಕಣ್ಣು ತುಂಬಿತ್ತು.

"ಹಸಿರು ಮರಿ ಫೋಟೋ ದಿನಾ ಕಳಿಸ್ತೀನಿ... ಅದು ನಿಮ್ಮ ಕಡೇದಲ್ವಾ?"