ನೀರು ನಿಂತ ಸಮಯ

“ಅಂಕಲ್, ನೀರು ಇನ್ನೂ ಬರ್ತಾ ಇದೆಯಲ್ಲ?” ಹಂಸಾ ಬರೆಯಲು ಹೊರಟವಳು ಪೆನ್ನು ಎತ್ತಿ ಕೇಳಿದಳು.

ಗೇಟಿನ ಹೊರಗೆ ವೆಂಕಟಸ್ವಾಮಿ ಬೈಕಿನ ಮೇಲೆ ಕೂತೇ ಇದ್ದರು. ಬೈಕಿನ ಪಕ್ಕಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿತ್ತು. ರಸ್ತೆಯ ಗುಂಡಿಯೊಳಗಿನ ವಾಲ್ವ್‌ಗೆ ಅದನ್ನು ಸಿಕ್ಕಿಸಿ ತಿರುಗಿಸಿದರೆ ಹಂಸಾಳ ರಸ್ತೆಗೆ ನೀರು ನಿಲ್ಲುತ್ತದೆ. ಆಮೇಲೆ ಹಿಂದಿನ ಕ್ರಾಸಿಗೆ ನೀರು ಹೋಗುತ್ತದೆ. ಇಟ್ಟಮಡು ಬಡಾವಣೆಯ ಈ ಭಾಗಕ್ಕೆ ನೀರು ಬರುವುದು ದಿನ ಬಿಟ್ಟು ದಿನ, ಬೆಳಗಿನ ಹೊತ್ತು ಮಾತ್ರ.

“ಬರ್ಲಿ ಬಿಡಿ ಪುಟ್ಟಮ್ಮ. ನೀವು ಏಳು ಗಂಟೆ ಅಂತ ಬರೀರಿ.”

ಹಂಸಾಳ ತೊಡೆಯ ಮೇಲೆ ದಪ್ಪ ರಟ್ಟಿನ ಬುಕ್ಕಿತ್ತು. ಅದರಲ್ಲಿ ಮೂರು ಕಾಲಂ: ನೀರು ಬಿಟ್ಟ ಸಮಯ, ನೀರು ನಿಂತ ಸಮಯ, ನಿವಾಸಿಯ ಸಹಿ. ಈ ರಸ್ತೆಯ ಪರವಾಗಿ ಅದನ್ನು ತುಂಬುವವರು ಅವಳ ತಾತ ಜಯಸಿಂಹ. ಅವರು ರಸ್ತೆಯ ಸಂಘದ ಸೆಕ್ರೆಟರಿ. ಮೂರು ವಾರದ ಹಿಂದೆ ತಾತನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅವತ್ತಿನಿಂದ ವೆಂಕಟಸ್ವಾಮಿ ಹೇಳಿದ ಸಮಯವನ್ನು ಬರೆಯುವುದು ಹಂಸಾ. ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತಾತ ಸಹಿ ಹಾಕುತ್ತಿದ್ದರು.

ಗೋಡೆಯ ಗಡಿಯಾರದಲ್ಲಿ ಏಳೂ ಕಾಲು. ಅಂಗಳದ ಸಂಪಿನೊಳಕ್ಕೆ ನೀರು ಧೋ ಎಂದು ಬೀಳುತ್ತಿತ್ತು.

“ತಾತ?” ಹಂಸಾ ಜಗಲಿಯ ಕಡೆ ತಿರುಗಿದಳು.

“ಬರಿ ಮಗೂ. ಹಂಗೇ ಬರೆಯೋದು.”

ಸಿಗ್ನಲ್ಲಿನಲ್ಲಿ ಒಂದೂ ಗಾಡಿ ಇಲ್ಲದಿದ್ದರೂ, ಹಸಿರು ದೀಪ ಬರುವ ತನಕ ಅಪ್ಪನ ಸ್ಕೂಟರನ್ನು ಕದಲಲು ಬಿಡದ ತಾತ ಅವರು. ಅವರೇ ಹೇಳಿದ ಮೇಲೆ ಇನ್ನೇನು? ಹಂಸಾ ದುಂಡಗೆ 7:00 ಎಂದು ಬರೆದು ತಾತನ ಸಹಿ ಹಾಕಿಸಿದಳು.

“ಪ್ರಿಂಟ್ ಹೊಡ್ದಂಗಿದೆ ಅಕ್ಷರ!” ಎಂದು ವೆಂಕಟಸ್ವಾಮಿ ಬುಕ್ಕು ಇಸಕೊಂಡು ಹೊರಟರು. ಹಂಸಾಗೆ ಖುಷಿಯಾಯಿತು.

ಸ್ಕೂಲಿನ ಮೈದಾನದಲ್ಲಿ ಎಂಟು ಗಂಟೆಗೆ ಖೋಖೋ ಪ್ರಾಕ್ಟೀಸ್. ಎಂಟೂವರೆ ಆದಮೇಲೆ ಗೆಳತಿ ಶಿಲ್ಪಶ್ರೀ ಓಡಿ ಬಂದಳು. ಅವಳ ತೋಳು, ಸ್ಕರ್ಟಿನ ಅಂಚು ಎಲ್ಲಾ ಒದ್ದೆ.

ಪಿಟಿ ಮಿಸ್ ವಾರಿಜಾ ವಿಸಲ್ ಊದುವುದನ್ನು ನಿಲ್ಲಿಸಿದರು. “ಬಂದ್ರಾ ಮೇಡಂ? ಇನ್ನೂ ಸ್ವಲ್ಪ ಮಲಗಿ ಬರಬೇಕಿತ್ತು!”

ಎಲ್ಲರೂ ನಕ್ಕರು. ಶಿಲ್ಪಾ ತಲೆ ತಗ್ಗಿಸಿದಳು.

“ನೋಡು ಶಿಲ್ಪಾ, ಶನಿವಾರ ಮ್ಯಾಚ್. ನೀನು ಚೆನ್ನಾಗಿ ಓಡ್ತೀಯ, ಒಪ್ಕೋತೀನಿ. ಆದ್ರೆ ಇನ್ನೊಂದೇ ಒಂದು ಸಲ ಲೇಟಾದ್ರೂ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ. ಆಮೇಲೆ ಅಳಬಾರದು.”

ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಶೂ ಮಣ್ಣು ಕೊಡವಿದರು.

“ಅದೇನೇ ನೀನು, ಒಂದು ದಿನ ಕರೆಕ್ಟಾಗಿ ಬರ್ತೀಯ, ಒಂದು ದಿನ ಲೇಟು?” ಹಂಸಾ ಕೇಳಿದಳು.

“ನೀರು ಬರೋ ದಿನ ಲೇಟು ಕಣೇ. ನಿಮ್ಮ ಹಿಂದಿನ ಕ್ರಾಸಲ್ಲಿ, ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ಮೊದಲೆಲ್ಲ ಏಳಕ್ಕೇ ಬರ್ತಿತ್ತು, ಅಮ್ಮನೇ ಹಿಡಿದಿಟ್ಟು ಹೋಗ್ತಿದ್ರು. ಈಗ ಎಂಟಕ್ಕೆ ಬರತ್ತೆ. ಅಷ್ಟೊತ್ತಿಗೆ ಅಮ್ಮ ಗಾರ್ಮೆಂಟ್ಸ್ ಬಸ್ ಹತ್ತಿರ್ತಾರೆ. ನಾನೇ ಕ್ಯೂನಲ್ಲಿ ನಿಂತು ತುಂಬಬೇಕು.”

“ಮಿಸ್‌ಗೆ ಹೇಳೇ.”

“ಹೇಳಿದೆ. ಎಲ್ಲರ ಮನೇಲೂ ನೀರಿನ ಪ್ರಾಬ್ಲಂ ಇದ್ದಿದ್ದೇ ಅಂದ್ರು.”

“ವಾಲ್ವ್ ಅಂಕಲ್‌ನ ಕೇಳ್ಬೇಕಿತ್ತು.”

“ಕೇಳ್ದೆ ಇರ್ತೀವಾ? ಅಮ್ಮ ಅರ್ಧ ದಿನ ರಜಾ ಹಾಕಿ ನೀರಿನ ಆಫೀಸಿಗೇ ಹೋಗಿದ್ರು. ಅಲ್ಲಿ ಬುಕ್ಕು ತೆಗೆದು ತೋರಿಸಿದ್ರಂತೆ. ಮುಂದಿನ ರಸ್ತೆಗೆ ಏಳಕ್ಕೇ ನಿಲ್ಸಿದೀವಿ, ನೋಡಿ, ಅವರೇ ಬರೆದು ಸೈನ್ ಹಾಕಿದಾರೆ, ನೀವು ಸುಮ್ಮನೆ ಕಂಪ್ಲೇಂಟ್ ಮಾಡ್ತೀರ ಅಂತ ಬೈದು ಕಳಿಸಿದ್ರು.” ಶಿಲ್ಪಾ ಶೂ ಲೇಸ್ ಎಳೆದು ಕಟ್ಟಿದಳು. “ಅಮ್ಮ ಹೇಳ್ತಿದ್ರು, ಬುಕ್ಕಲ್ಲಿ ಅಕ್ಷರ ಎಷ್ಟು ನೀಟಾಗಿತ್ತು ಅಂದ್ರೆ ಸುಳ್ಳು ಅಂತ ಹೇಳಕ್ಕೇ ಬಾಯಿ ಬರ್ಲಿಲ್ಲ ಅಂತ.”

ಬೆಲ್ ಆಯಿತು. ಮೊದಲನೇ ಪೀರಿಯಡ್ಡಿನಲ್ಲಿ ಟೀಚರ್ ಬರೆಸಿದ್ದನ್ನೆಲ್ಲ ಹಂಸಾ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದಳು.

ಸಂಜೆ ತಾತ ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು. ಹಂಸಾ ಅದರ ಸೌಂಡ್ ಕಮ್ಮಿ ಮಾಡಿದಳು.

“ತಾತ, ನಮ್ಮ ರಸ್ತೆಗೆ ನೀರು ಎಷ್ಟು ಗಂಟೆಗೆ ನಿಲ್ಬೇಕು?”

“ಏಳಕ್ಕೆ.”

“ನಿಲ್ಲೋದು?”

ತಾತ ಕನ್ನಡಕ ಸರಿ ಮಾಡಿಕೊಂಡರು. “ಒಂದು ಗಂಟೆ ಜಾಸ್ತಿ ಬಿಡ್ತಾನೆ ಮಗೂ. ಹೋದ ಬೇಸಗೇಲಿ ಎಷ್ಟು ಕಷ್ಟ ಆಯ್ತು, ನಿಂಗೆ ಗೊತ್ತಲ್ಲ. ಅದಕ್ಕೇ ಎಲ್ಲರೂ ಸೇರಿ ತಿಂಗಳಿಗೊಂದ್ಸಲ ಅವನಿಗೊಂದು ಕವರ್ ಕೊಡ್ತೀವಿ. ಪಾಪ, ಅವನಿಗೂ ಸಂಬಳ ಕಮ್ಮಿ. ಇದರಲ್ಲಿ ಯಾರಿಗೆ ಏನು ನಷ್ಟ?”

“ಶಿಲ್ಪಾಗೆ.”

“ಯಾರು ಶಿಲ್ಪಾ?”

ಹಂಸಾ ಎಲ್ಲಾ ಹೇಳಿದಳು. ಹಿಂದಿನ ಕ್ರಾಸ್, ವಠಾರದ ನಲ್ಲಿ, ಆಫೀಸಿನವರು ತೋರಿಸಿದ ಬುಕ್ಕು. ನೀಟಾದ ಅಕ್ಷರದ ವಿಷಯವನ್ನೂ ಹೇಳಿದಳು.

ತಾತ ರೇಡಿಯೋದ ಗುಂಡಿಯ ಮೇಲೆ ಬೆರಳಿಟ್ಟರು. ಆಮೇಲೆ, “ಇದೆಲ್ಲ ದೊಡ್ಡವರ ವಿಷಯ. ನೀನು ಹೋಗಿ ಓದ್ಕೋ” ಎಂದರು. ಆದರೆ ಮತ್ತೆ ರೇಡಿಯೋ ಸೌಂಡ್ ಜಾಸ್ತಿ ಮಾಡಲಿಲ್ಲ.

ಗುರುವಾರ ಮತ್ತೆ ನೀರಿನ ದಿನ. ಹಂಸಾ ಯೂನಿಫಾರ್ಮ್ ಹಾಕಿ, ಜಡೆ ಹೆಣೆಸಿಕೊಂಡು, ಏಳು ಗಂಟೆಗೇ ಮೆಟ್ಟಿಲ ಮೇಲೆ ಬಂದು ಕೂತಳು. ಎದುರು ಮನೆಯ ಮಾಧವ ಅಂಕಲ್ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ನೊರೆ ರಸ್ತೆಗೆಲ್ಲ ಹರಿದಿತ್ತು.

ವೆಂಕಟಸ್ವಾಮಿ ಬಂದು ಬುಕ್ಕು ಕೊಟ್ಟರು. ಹಂಸಾ ನೀರು ಬಿಟ್ಟ ಸಮಯ ಬರೆದಳು. ಆಮೇಲೆ ಪೆನ್ನಿಗೆ ಕ್ಯಾಪ್ ಹಾಕಿದಳು.

“ಇನ್ನೊಂದು ಕಾಲಂ ಇದೆಯಲ್ಲ ಪುಟ್ಟಮ್ಮ.”

“ನೀರು ನಿಂತ ಮೇಲೆ ಬರೀತೀನಿ ಅಂಕಲ್.”

ವೆಂಕಟಸ್ವಾಮಿ ನಕ್ಕರು. “ಅಲ್ಲಿ ತನಕ ನಾನಿಲ್ಲೇ ಕೂತ್ಕೊಳ್ಳಾ? ಇನ್ನೂ ನಾಲ್ಕು ರಸ್ತೆ ಇದೆ ನಂಗೆ. ಬೇಗ ಬರೀರಿ.”

“ಇಲ್ಲ.”

ಅವಳಿಗೇ ಆಶ್ಚರ್ಯವಾಯಿತು. ಅವಳ ದನಿ ಸಣ್ಣದಾಗಿತ್ತು, ಆದರೆ ಹೊರಗೆ ಬಂದಿತ್ತು.

“ಬರ್ದು ಕೊಡು ಪುಟ್ಟಿ, ಬೆಳಬೆಳಿಗ್ಗೆ ಏನದು ತಲೆಹರಟೆ!” ಮಾಧವ ಅಂಕಲ್ ಅಲ್ಲಿಂದಲೇ ಕೂಗಿದರು.

ವೆಂಕಟಸ್ವಾಮಿಯ ನಗು ಹೋಗಿತ್ತು. “ಸಾರ್! ಸ್ವಲ್ಪ ಬನ್ನಿ. ನಿಮ್ಮ ಮೊಮ್ಮಗಳು ಏನೋ ಹಟ ಹಿಡ್ದವ್ರೆ ನೋಡಿ.”

ತಾತ ಹೊರಗೆ ಬಂದರು. ಹಂಸಾ ಎದ್ದು ನಿಂತಳು. ಬುಕ್ಕನ್ನು ಎದೆಗೆ ಒತ್ತಿ ಹಿಡಿದಿದ್ದಳು. ತಾತ ಕೈ ಚಾಚಿದರು. ಅವಳು ಕೊಡಲೇಬೇಕಾಯಿತು. ತಾತನೇ ಬರೆದುಬಿಟ್ಟರೆ ಮುಗಿಯಿತು. ಶಿಲ್ಪಾಳ ಜಾಗ ಹೋಯಿತು.

ತಾತ ಪುಟವನ್ನು ಕಣ್ಣ ಹತ್ತಿರ ತಂದು ನೋಡಿದರು. ಸಂಪಿನ ಕಡೆ ತಲೆ ವಾಲಿಸಿ ನೀರಿನ ಸದ್ದು ಕೇಳಿದರು.

“ಆ ಹುಡುಗಿ ಈಗ ಎಲ್ಲಿರತ್ತೆ?”

“ನಲ್ಲಿ ಹತ್ರ ತಾತ. ಖಾಲಿ ಕೊಡ ಇಟ್ಕೊಂಡು.”

ತಾತ ಬುಕ್ಕನ್ನು ವಾಪಸ್ ಹಂಸಾಳ ಕೈಗೇ ಕೊಟ್ಟರು.

“ಹೋಗಿ ವಾಲ್ವ್ ತಿರುಗಿಸಿ ಬಾಪ್ಪಾ ವೆಂಕಟಸ್ವಾಮಿ. ಆಮೇಲೆ ಅವಳು ಬರೀತಾಳೆ.”

“ಏನ್ ಸಾರ್ ಹಿಂಗಂತೀರ? ನಾನಾಗಿ ಬಂದು ಕೇಳಿದ್ನಾ? ಕರ್ದು ಕವರ್ ಕೊಟ್ಟಿದ್ದು ನೀವೇ ಅಲ್ವಾ?”

“ಹೌದು,” ಎಂದರು ತಾತ. ಅವರ ಕಿವಿ ಕೆಂಪಗಾಗಿತ್ತು. “ನಾವೇ ಕೊಟ್ಟಿದ್ದು. ತಪ್ಪು ನಮ್ದೂ ಇದೆ. ಇನ್ಮೇಲೆ ಕೊಡಲ್ಲ. ಸಂಘದವರಿಗೆ ನಾನು ಹೇಳ್ಕೋತೀನಿ.”

ವೆಂಕಟಸ್ವಾಮಿ ಏನೋ ಗೊಣಗುತ್ತಾ ಕಬ್ಬಿಣದ ಕೀಲಿ ಬಿಚ್ಚಿಕೊಂಡು ರಸ್ತೆಯ ತಿರುವಿಗೆ ಹೋದರು. ಸ್ವಲ್ಪ ಹೊತ್ತಿಗೆ ಸಂಪಿನ ಸದ್ದು ಸಣ್ಣದಾಯಿತು. ಆಮೇಲೆ ಪೂರ್ತಿ ನಿಂತಿತು.

“ಜಯಸಿಂಹ ಸಾರ್! ಏನಾಯ್ತು ನೀರಿಗೆ? ಸೋಪ್ ಹಂಗೇ ಇದೆ!” ಮಾಧವ ಅಂಕಲ್ ಒಣಗಿದ ಪೈಪನ್ನು ಅಲ್ಲಾಡಿಸಿದರು.

ಹಂಸಾ ಗಡಿಯಾರ ನೋಡಿ 7:24 ಎಂದು ಬರೆದಳು. ತಾತ ಸಹಿ ಹಾಕಿದರು. ಇವತ್ತು ಅವಳು ಬೆರಳಿಟ್ಟು ತೋರಿಸುವ ತನಕ ಕಾಯಲಿಲ್ಲ.

ಇಷ್ಟೆಲ್ಲ ಆಗಿ, ತಿಂಡಿ ತಿಂದು ಮೈದಾನ ತಲುಪುವಾಗ ಎಂಟು ಗಂಟೆ ದಾಟಿತ್ತು.

“ಓಹೋ, ಇವತ್ತು ನಿಂದಾ ಸರದಿ? ಹೋಗು, ಎರಡು ರೌಂಡ್ ಓಡು,” ಎಂದರು ವಾರಿಜಾ ಮಿಸ್.

ಓಡುವಾಗ ನೋಡಿದಳು. ಶಿಲ್ಪಾ ಆಗಲೇ ಬಂದು ಸಾಲಿನಲ್ಲಿ ನಿಂತಿದ್ದಳು. ಅವಳ ತೋಳು ಒಣಗಿತ್ತು.

“ಇವತ್ತು ಅಮ್ಮ ಇರೋವಾಗ್ಲೇ ನೀರು ಬಂತು ಕಣೇ!” ರೌಂಡ್ ಮುಗಿಸಿ ಬಂದ ಹಂಸಾಳ ಕೈ ಹಿಡಿದು ಶಿಲ್ಪಾ ಕುಣಿದಳು. “ವಾಲ್ವ್ ಅಂಕಲ್ ಸಖತ್ ಒಳ್ಳೇ ಮೂಡಲ್ಲಿದ್ರು ಅನ್ಸತ್ತೆ.”

ಹಂಸಾಗೆ ನಡೆದದ್ದನ್ನೆಲ್ಲ ಹೇಳಬೇಕೆನ್ನಿಸಿತು. ಗೇಟಿನ ಹತ್ತಿರ ತಾನು ‘ಇಲ್ಲ’ ಅಂದದ್ದು, ವಾಲ್ವ್ ಅಂಕಲ್ ಮುಖ ಸಣ್ಣಗಾದದ್ದು. ಆದರೆ ಅದನ್ನು ಹೇಳುವುದಕ್ಕೆ ಮುಂಚೆ ಹೇಳಬೇಕಾದದ್ದು ಇನ್ನೊಂದಿತ್ತು.

“ಶಿಲ್ಪಾ, ಆ ಬುಕ್ಕಲ್ಲಿ ಏಳು ಗಂಟೆ ಅಂತ ಬರೀತಿದ್ದಿದ್ದು ನಾನು.”

ಶಿಲ್ಪಾ ಕೈ ಬಿಟ್ಟಳು. “ನೀನಾ?”

“ಹೂಂ.”

‘ಪರವಾಗಿಲ್ಲ ಬಿಡೇ’ ಅನ್ನುತ್ತಾಳೆ ಎಂದುಕೊಂಡಿದ್ದಳು ಹಂಸಾ. ಶಿಲ್ಪಾ ಹಾಗೆ ಅನ್ನಲಿಲ್ಲ. ಅವಳನ್ನೇ ಒಂದು ಗಳಿಗೆ ನೋಡಿ ತನ್ನ ಜಾಗಕ್ಕೆ ಹೋದಳು. ಅವಳು ಹಾಗೆ ಅನ್ನಲೇಬೇಕು ಅಂತೇನೂ ಇಲ್ಲ ಎಂದು ಹಂಸಾಗೆ ತಿಳಿಯಿತು. ಅರ್ಧ ದಿನ ರಜಾ ಹಾಕಿ ಆಫೀಸಿಗೆ ಹೋಗಿ ಬೈಸಿಕೊಂಡು ಬಂದದ್ದು ಅವಳ ಅಮ್ಮ.

ವಿಸಲ್ ಆಯಿತು. ಹಂಸಾ ಸಾಲಿನಲ್ಲಿ ತನ್ನ ಚೌಕದಲ್ಲಿ ಕೂತಳು. ಎದುರು ತಂಡದವಳನ್ನು ಅಟ್ಟುತ್ತಾ ಶಿಲ್ಪಾ ಓಡುತ್ತಿದ್ದಳು. ಬೆನ್ನ ಹಿಂದೆ ಹೆಜ್ಜೆ ಸದ್ದು ಹತ್ತಿರ ಬಂತು, ದೂರ ಹೋಯಿತು, ಮತ್ತೆ ಬಂತು. ಶಿಲ್ಪಾ ಬೇಕೆಂದರೆ ಪಕ್ಕದವಳಿಗೆ ಖೋ ಕೊಡಬಹುದಿತ್ತು.

“ಖೋ!”

ಬೆನ್ನಿಗೆ ಬಿದ್ದ ಏಟು ಜೋರಾಗಿಯೇ ಇತ್ತು. ಚುರುಗುಟ್ಟಿತು. ಹಂಸಾ ಎದ್ದು ಓಡಿದಳು.